ಕಾರ್ಡಿಗೂ ಕುರಿಗೂ ಒಂದೇ ಗುರುತು

ನನಗೆ ಮರೆವು ಶುರುವಾಗಿದೆ ಎಂದು ಗ್ರೂಪಿನಲ್ಲಿ ಹಲ್ಲು ಕಿರಿದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಿ. ಪಿನ್ ನಂಬರನ್ನು ಕಾರ್ಡಿನ ಕವರಿನ ಮೇಲೆ ಬರೆದುಕೊಂಡು ತಿರುಗುವವರು ನೀವು, ನನ್ನ ನೆನಪಿನ ಮಾತಾಡುತ್ತೀರಾ? ಇದು ನಾನು ಎಟಿಎಂ ಸಾಲಿನಲ್ಲಿ ನಿಂತು ಕಣ್ಣಾರೆ ಕಂಡದ್ದು.

ಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಎಟಿಎಂ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಕ್ಕಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನ ಬಿಸಾಡಿದ ಚೀಟಿಗಳನ್ನು ಗುಡಿಸುತ್ತಿದ್ದಾಳೆ. ಗುತ್ತಿಗೆದಾರ ಸಂಬಳ ಕೊಡುವುದು ಗುಡಿಸಿ ಒರೆಸುವುದಕ್ಕೆ ಮಾತ್ರ. ಆಮೇಲೆ ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕೂತು ಜನರನ್ನು ಬೈಯುವುದು ಈಕೆ ತಾನೇ ಹಚ್ಚಿಕೊಂಡ ಕೆಲಸ. "ನಿಂಗ್ಯಾಕಮ್ಮ ಊರ ಉಸಾಬ್ರಿ?" ಎಂದು ಗುತ್ತಿಗೆದಾರ ಗದರಿದ್ದೂ ಇದೆ.

ಬಂದವರು ಕಾರ್ಡನ್ನು ಈಕೆಯ ಕೈಗೇ ಕೊಡುತ್ತಾರೆ, ನಂಬರನ್ನು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಈಕೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ.

"ನಿನ್ ಮ್ಯಾಲೆ ನಂಬ್ಕೆ ಐತೆ ಕಣಮ್ಮಿ, ತಗ್ದುಕೊಡು."

"ನಂಬ್ಕೆ ನಿನ್ತಾವೇ ಇಟ್ಕ. ಕೈ ಅಡ್ಡ ಇಟ್ಕಂಡು ನೀನೇ ಒತ್ತು."

ಪಟ್ಟನಾಯಕನಹಳ್ಳಿ ಕಡೆಯ ಕುರಿಗಾಹಿಗಳ ಮನೆಯ ಹೆಣ್ಣು. ಕೆರೆಯ ಹತ್ತಿರ ಕುರಿಮಂದೆಗಳು ಬೆರೆತರೆ ಬೆನ್ನ ಮೇಲೆ ಬಳಿದ ಬಣ್ಣ ನೋಡಿ ಬೇರೆ ಮಾಡುತ್ತಿದ್ದವಳು. ಈಗ ಸೊಂಟದ ಚೀಲದಲ್ಲಿ ಉಗುರುಬಣ್ಣದ ಶೀಶೆ. ಚಿಪ್‌ಗೆ ತಾಗದಂತೆ, ಕಾರ್ಡಿನ ಮೂಲೆಯಲ್ಲಿ ಅವರವರ ಗುರುತನ್ನು ಅವರವರ ಕೈಯಲ್ಲೇ ಹಾಕಿಸುತ್ತಾಳೆ. "ಕಾರ್ಡೆಲ್ಲ ಒಂದೇ ತರ ಕಾಣ್ತವೆ. ಯಾರಾನ ಬದಲಾಯ್ಸಿ ಕೊಟ್ರೆ ಹೆಂಗ್ ಗೊತ್ತಾಯ್ತದೆ?" ಜನ ನಕ್ಕಿದ್ದರು. ನಾನೂ ನಕ್ಕಿದ್ದೆ.

ಹೋದ ತಿಂಗಳು ಕುರಿ ಕಾಯುವ ಕದಿರಯ್ಯ ಬಂದಿದ್ದ. ಮರಿಗಳನ್ನು ಮಾರಿ, ಹೆಂಡತಿಯ ಮಂಡಿ ಆಪರೇಷನ್ನಿಗೆಂದು ಖಾತೆಯಲ್ಲಿಟ್ಟಿದ್ದ ದುಡ್ಡು. ಚಿಕ್ಕಹನುಮಕ್ಕ ನೀರು ತರಲು ಹೋಗಿದ್ದಳು. ಇಸ್ತ್ರಿ ಶರ್ಟಿನವನೊಬ್ಬ "ಕೊಡಿ ತಾತ" ಎಂದು ಕಾರ್ಡು ತಗೊಂಡು, ಕದಿರಯ್ಯ ನಂಬರು ಒತ್ತುವುದನ್ನು ನೋಡಿಕೊಂಡ. ಮಿಷನ್ ಕೆಟ್ಟಿದೆ ಎಂದು ಕಾರ್ಡು ವಾಪಸ್ ಕೊಟ್ಟ.

ಅಷ್ಟರಲ್ಲಿ ಚಿಕ್ಕಹನುಮಕ್ಕ ಬಿಂದಿಗೆ ಹಿಡಿದು ಬಂದಳು. "ಗುರ್ತು ನೋಡ್ಕಂಡ್ಯಾ ಅಣ್ಣ?"

ಕದಿರಯ್ಯ ಕಾರ್ಡನ್ನು ತಿರುಗಿಸಿ ನೋಡಿದ. ತಾನು ಹಾಕಿದ್ದ ಎರಡು ಕೆಂಪು ಬೊಟ್ಟು ಇಲ್ಲ. "ಅಯ್ಯೋ, ಇದು ನಮ್ ಮಂದೆ ಕುರಿ ಅಲ್ಲ ಕಣವ್ವ!"

ಜಾರಿಕೊಳ್ಳಲು ಹೊರಟವನ ಮುಂದೆ ಈಕೆಯ ಒರೆಸುವ ಕೋಲು ಬಾಗಿಲಿಗೆ ಅಡ್ಡ ಬಿತ್ತು. ಸಾಲಿನಲ್ಲಿದ್ದ ನಾವೆಲ್ಲ ಮುತ್ತಿಕೊಂಡೆವು. ಇಸ್ತ್ರಿ ಶರ್ಟಿನ ಜೇಬಿನಿಂದ ಕೆಂಪು ಬೊಟ್ಟಿನ ಕಾರ್ಡು ಹೊರಬಂತು. ಕದಿರಯ್ಯ ಅದನ್ನು ಕಣ್ಣಿಗೊತ್ತಿಕೊಂಡರೆ ಈಕೆ ಮತ್ತೆ ಗದರಿದಳು: "ಕುಣೀಬ್ಯಾಡ ಬುಡು! ನಂಬ್ರು ಅವ್ನ ಕಣ್ಗೆ ಬಿದ್ದೈತೆ. ಕಾರ್ಡಿನ್ ಹಿಂದ್ಲ ಫೋನ್ ನಂಬ್ರಿಗೆ ಈಗ್ಲೇ ಮಾಡು, ಕಾರ್ಡ್ ಬಂದ್ ಮಾಡ್ಸು." ನಿಂತಲ್ಲೇ ಮಾಡಿಸಿದಳು. ಆ ಶರ್ಟಿನವನನ್ನು ಪೊಲೀಸರು ಕರೆದೊಯ್ದರು. ಮಂಡಿಯ ದುಡ್ಡು ಖಾತೆಯಲ್ಲೇ ಉಳಿಯಿತು.

ಮೊನ್ನೆ ಹೊಗಳಲು ಹೋದೆ. ಈಕೆ ನೆಲ ಒರೆಸುತ್ತಲೇ ಹೇಳಿದಳು: "ಇಷ್ಟ್ ವರ್ಸ ಈ ಬಾಗ್ಲಲ್ಲಿ ಕೂತಿವ್ನಿ ಕಣಣ್ಣ. ಒಬ್ರ ನಂಬ್ರೂ ನಂಗೊತ್ತಿಲ್ಲ."

ಇದನ್ನು ಮಧುಗಿರಿ, ಕೊರಟಗೆರೆ, ಪಾವಗಡದ ನೆಂಟರಿಗೆಲ್ಲ ಕಳಿಸಿ. ಮೊದಲು ಆ ಕವರಿನ ಮೇಲಿನ ನಂಬರು ಅಳಿಸಿ, ಆಮೇಲೆ ಕಳಿಸಿ.