ಅಮಾಸಿಯ ಹೆಸರು ತೆಗೆದವಳು ನಾನು

ರೇಷ್ಮಾ, ಆ ಹೆಸರು ಬದಲಿಸಿದವಳು ನಾನು. ನಿನ್ನಿಂದ ಯಾವ ತಪ್ಪೂ ಆಗಿರಲಿಲ್ಲ. ಶಾಂತವ್ವನವರ ಮಗಳ ಮದುವೆಯ ವಿಡಿಯೋ ಅಳಿಸಿಹೋದದ್ದು ನನ್ನಿಂದ — ಇಷ್ಟು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗಂತೂ ಬರೀ ದಣಿವಾಗಿದೆ.

ನಮ್ಮೂರು ಸಂಶಿಯಲ್ಲಿ ಯಾರ ಮನೆಯ ಮದುವೆಯಾದರೂ ವಿಡಿಯೋ ಬಂದು ಸೇರುತ್ತಿದ್ದದ್ದು ನಾವಿಬ್ಬರೂ ಕೆಲಸಕ್ಕಿದ್ದ ಕಾಕಾನ ಸ್ಟುಡಿಯೋದ ಆ ದೊಡ್ಡ ಮಷಿನ್ನಿಗೆ. ಅದರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಫೈಲ್ ಸಿಸ್ಟಮ್ ಮಾಡಿಟ್ಟವಳು ನೀನು. ನಾನು ಅದನ್ನು ಖಾನೆ ಅನ್ನುತ್ತಿದ್ದೆ, ನೀನು ನಗುತ್ತಿದ್ದೆ. ಅಮಾವಾಸ್ಯೆಗೆ ಕಾಕಾ ಅಂಗಡಿಯ ಪೂಜೆ ಮಾಡಿ ಕಾಯಿ ಒಡೆದ ಮೇಲೆ, ನೀನು ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಲ್ಲ ಖಾನೆಗಳ ಸ್ನ್ಯಾಪ್‌ಶಾಟ್ ತೆಗೆಯುತ್ತಿದ್ದೆ — ಆ ಗಳಿಗೆಯಲ್ಲಿ ಒಳಗೆ ಏನೇನಿತ್ತೋ ಅದೆಲ್ಲ ಹಾಗೇ ಉಳಿಯಲಿ ಎಂದು. ಅದಕ್ಕೆ ಅಮಾಸಿ ಅಂತಲೇ ಹೆಸರು. ಬೇರೆ ಸ್ನ್ಯಾಪ್‌ಶಾಟ್‌ಗಳು ಹಳೆಯವಾದರೆ ಮಷಿನ್ ತಾನೇ ಅಳಿಸುತ್ತಿತ್ತು. ಅಮಾಸಿ ಹೆಸರಿನವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಗಿರಾಕಿ ಪೆನ್‌ಡ್ರೈವ್ ಒಯ್ದ ಮೇಲೆ ಖಾನೆಯಲ್ಲಿನ ವಿಡಿಯೋ ತೆಗೆದು ನಾವು ಜಾಗ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಉಳಿಯುತ್ತಿದ್ದದ್ದು ಅಮಾಸಿಯದೊಂದೇ. ಇದು ನನಗೆ ಗೊತ್ತಿರಲಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ — ಸುಳ್ಳು. ನೀನು ಬಿಡಿಸಿ ಹೇಳಿದ್ದೆ. ನಾನು ಫೋನ್ ನೋಡುತ್ತ ಹೂಂ ಅಂದಿದ್ದೆ.

ನೀನು ರಜೆ ಹಾಕಿದ ದಿನ ಶಾಂತವ್ವ ಬಂದರು. ಮದುವೆಯ ವಿಡಿಯೋದಿಂದ ಒಂದು ಫೋಟೋ ಬೇಕಿತ್ತು. ಹುಡುಕುತ್ತ ನಾನು, "ಅಮಾಸಿದರಾಗ ಐತಿ, ತಡೀರಿ" ಅಂದೆ. ಅವರು ಹೌಹಾರಿದರು.

"ಏನಂದಿ? ನನ್ನ ಮಗಳ ಮದುವಿಗಿ ಅಮಾಸಿ ಅಂತ ಹೆಸರಿಟ್ಟೀರೇನು? ಅಂಗಡಿ ಪೂಜಿಗಿ ಅಮಾಸಿ ಛಲೋ, ಮದುವಿಗಿ ಯಾರರ ಇಡ್ತಾರೇನವಾ? ಮೊದಲ ತಗಿ ಅದನ್ನ!"

ನಿನಗೊಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನಗೂ ಬರುತ್ತದೆ ಅಂತ ತೋರಿಸಿಕೊಳ್ಳುವ ಚಟ — ಬೇರೇನಿಲ್ಲ. ಕಪ್ಪು ಪರದೆ ತೆರೆದು ರಿನೇಮ್ ಅಂತ ಟೈಪ್ ಮಾಡಿದೆ, ಹಳೆಯ ಹೆಸರು ಹಾಕಿದೆ, ಅದರ ಮುಂದೆ 'ಶುಭ' ಅಂತ ಹೊಸದನ್ನು ಹಾಕಿದೆ. ಮಷಿನ್ ಏನೂ ಅನ್ನಲಿಲ್ಲ. ಶಾಂತವ್ವ ಖುಷಿಯಾಗಿ ಫೋಟೋ ತೆಗೆದುಕೊಂಡು ಹೋದರು. ಹೆಸರು ಹೊಸದಾದರೂ ಸ್ನ್ಯಾಪ್‌ಶಾಟಿನ ವಯಸ್ಸು ಹಳೆಯದೇ ಇತ್ತು; ಬೆಳಗಾಗುವುದರೊಳಗೆ ಮಷಿನ್ ಅದನ್ನು ಅಳಿಸಿತ್ತು. ಮರುದಿನವೇ ನಾನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ.

ಮುಂದೆ ಶಾಂತವ್ವನವರ ಯಜಮಾನರು ತೀರಿಕೊಂಡರು. ಪೆನ್‌ಡ್ರೈವ್ ಕೆಟ್ಟಿದೆ, ಇನ್ನೊಂದು ಕಾಪಿ ಕೊಡಿ ಅಂತ ಶಾಂತವ್ವ ಬಂದು ಕೂತರು. ಆ ಮದುವೆಯಲ್ಲಿ ಬೀಗರೆಲ್ಲ ಸೇರಿ ಯಜಮಾನರಿಗೆ, ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳಿ ಅಂತ ಗಂಟುಬಿದ್ದಿದ್ದರಂತೆ. ಅವರು ಒಡಪು ಅರ್ಧಕ್ಕೇ ಮರೆತು, ನಾಚಿಕೊಂಡು, "ನಮ್ಮ ಶಾಂತವ್ವ" ಅಂತಷ್ಟೇ ಅಂದು ಕೂತುಬಿಟ್ಟಿದ್ದರು. ಜೀವಮಾನದಲ್ಲಿ ಹೆಂಡತಿಯ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಆ ಒಂದು ಮಾತು ಕೇಳಬೇಕಿತ್ತು ಶಾಂತವ್ವನವರಿಗೆ.

ನೀನು ಮಧ್ಯಾಹ್ನವೆಲ್ಲ ಹುಡುಕಿದೆ. ಕೊನೆಗೆ ಇಲ್ಲ ಅಂದಾಗ ಅವರು ನಿನಗೆ ಅಂದದ್ದು — "ಸತ್ತಾವನ್ನ ಮತ್ತೊಮ್ಮಿ ಕೊಂದಿ ನೀ."

ಕಾಕಾ ನನ್ನ ಕಡೆ ತಿರುಗಿದರು. "ಏನವಾ, ನೀ ಏನರ ಮುಟ್ಟಿದ್ದೇನು?"

"ಇಲ್ರಿ ಕಾಕಾ, ನಾ ಮುಟ್ಟಿಲ್ರಿ."

ಇಷ್ಟೇ. ನಿನಗೆ ಅವತ್ತೇ ನಾಳೆಯಿಂದ ಬರಬೇಡ ಅಂದರು. ನೀನು ವಾದ ಮಾಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ — ಇಲ್ಲ, ಅದೂ ಸುಳ್ಳು.

ಮೊನ್ನೆ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. ಝೆರಾಕ್ಸ್ ಅಂಗಡಿಯಲ್ಲಿದ್ದೇನೆ, ಆ ಕೆಲಸ ಮತ್ತೆ ಮುಟ್ಟಲು ಧೈರ್ಯವಿಲ್ಲ ಅಂತ ನೀನು ಅಂದೆ. ಆಮೇಲೆ, "ನನ್ನ ಕೈಯಿಂದ ಏನ ತಪ್ಪಾತು ಅಂತ ನಿನಗರ ತಿಳೀತೇನ ಲೇ?" ಅಂತ ಕೇಳಿದೆ. ನಾನು ಬಸ್ಸು ಬಂತು ಅಂತ ನೆಪ ಹೇಳಿ ಹತ್ತಿಬಿಟ್ಟೆ. ಅದು ನಮ್ಮೂರಿನ ಬಸ್ಸೂ ಆಗಿರಲಿಲ್ಲ.

ನಿನ್ನೆ ಕಾಕಾನಿಗೆ ಹೇಳಿದೆ. ನನಗೂ ಬರಬೇಡ ಅಂದರು. ಸರಿಯಾದದ್ದೇ. ಅಲ್ಲಿಂದ ಶಾಂತವ್ವನವರ ಮನೆಗೆ ಹೋದೆ. ಹೆಸರು ತೆಗೆ ಅಂದವರು ಅವರೇ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರಿಗೆ ನೆನಪಿದ್ದಂತಿಲ್ಲ, ನೆನಪಾಗುವುದೂ ಬೇಡ. ಅವರು ಗಂಡನ ಮಾತೇ ಎತ್ತಲಿಲ್ಲ. "ಹಂಗಾರ ಆ ಹುಡಿಗಿಗಿ ನಾ ಅಂದದ್ದು…" ಅಂತ ಬಾಯಿಗೆ ಸೆರಗು ಹಿಡಿದರು. ಆಮೇಲೆ, "ಆಕಿ ಮನಿಗಿ ಕರಕೊಂಡ ನಡಿ ನನ್ನ" ಅಂದರು.

ಸೋಮವಾರ ಮುಂಜಾನೆ ಬರುತ್ತೇವೆ. ನಾನು ನಿಮ್ಮ ಓಣಿಯ ತುದಿಯಲ್ಲೇ ನಿಲ್ಲುತ್ತೇನೆ. ನನ್ನ ಮುಖ ನೋಡದಿದ್ದರೂ ಸರಿ, ರೇಷ್ಮಾ — ಅವರನ್ನು ಒಳಗೆ ಕರೆ.