ಅಣ್ಣನಿಗೆ ಹಾಕಿದ ಟ್ರಂಕ್ ಕಾಲ್

"ಸಾ, ಲೈನಲ್ಲಿ ಬೈಯಂಗಿಲ್ಲ."

ಕೊಳ್ಳೇಗಾಲದ ಅಂಚೆ ಕಚೇರಿಯಿಂದ ಮೈಸೂರಿನ ಅಣ್ಣನಿಗೆ ಟ್ರಂಕ್ ಕಾಲ್ ಹಾಕಿ ನಾನು ಕೂಗಾಡುತ್ತಿದ್ದಾಗ ನಡುವೆ ಬಂದ ದನಿ ಇದು. ಮಾತಾಡಿದವನು ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಅಣ್ಣ ತನ್ನ ಮಗಳ ಮದುವೆ ನಿಶ್ಚಯ ಮಾಡಿದ್ದ. ನನಗೆ ಒಂದು ಮಾತೂ ಹೇಳಿರಲಿಲ್ಲ. ಆ ಹುಡುಗಿ ಆಡಿ ಬೆಳೆದದ್ದು ನನ್ನ ಮಗ್ಗದ ಪಕ್ಕದಲ್ಲಿ. ಸುದ್ದಿ ಮಾತ್ರ ನನಗೆ ಮಾಂಬಳ್ಳಿಯ ನೆಂಟರಿಂದ ತಿಳಿಯಿತು.

"ಇದು ನಮ್ಮನೆ ವಿಸ್ಯ ಕಣಯ್ಯಾ, ನೀನ್ಯಾವನು ಕೇಳಕ್ಕೆ?" ಎಂದು ಆಪರೇಟರನ ಮೇಲೂ ರೇಗಿದೆ.

"ಮನೆ ನಿಮ್ದೇ ಸಾ. ಲೈನು ಸರ್ಕಾರದ್ದು. ಇನ್ನೊಂದ್ಸಲ ಬೈದ್ರೆ ಕಟ್ ಮಾಡ್ತೀನಿ. ರೂಲ್ಸು."

ಅವನನ್ನು ಲೆಕ್ಕಿಸದೆ ಅಣ್ಣನಿಗೆ, "ದ್ರೋಹಿ, ಇವತ್ತಿಂದ ನನ್ ಪಾಲಿಗೆ ನೀನು..." ಎಂದೆ. ಲೈನ್ ಕಟ್ಟಾಯಿತು. ಮತ್ತೆ ಬುಕ್ ಮಾಡಲು ಹೋದರೆ, ಇವತ್ತು ನಿಮಗೆ ಲೈನಿಲ್ಲ ಎಂದು ಅದೇ ದನಿ ತಣ್ಣಗೆ ಹೇಳಿತು.

ಮರುದಿನ ಮೊದಲ ಬಸ್ಸಿಗೆ ಅಣ್ಣ ಬಂದಿಳಿದ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಲೇ, ನೆನ್ನೆ ಮಾತು ಅರ್ಧಕ್ಕೇ ನಿಂತೋಯ್ತು. ನಿನ್ ಪಾಲಿಗೆ ನಾನು ಏನ್ಲಾ? ಅದ್ನ ಈಗ ಏಳು" ಎಂದ. ಕಣ್ಣು ಕೆಂಪಾಗಿತ್ತು.

"ಮೊದ್ಲು ತಿಂಡಿ ತಿನ್ನು" ಎಂದೆ.

ತಿನ್ನುತ್ತಾ ಹೇಳಿದ: "ಧಾರೆ ಸೀರೆ ನೀನೇ ನೇಯ್ಬೇಕು. ಫೋನಲ್ಲಿ ಏಳೋ ಮಾತಲ್ಲ, ನಾನೇ ಬಂದು ಏಳ್ಬೇಕು ಅಂತಿದ್ದೆ."

ಆ ಆಪರೇಟರನ ಮುಖ ನಾನು ಇಂದಿಗೂ ನೋಡಿಲ್ಲ. ನಮ್ಮ ಸಂಬಂಧ ಉಳಿಯಲಿ ಎಂದು ಅವನು ಹಾಗೆ ಮಾಡಿದನೆಂದು ನನಗೇನೂ ಅನ್ನಿಸುವುದಿಲ್ಲ. ಅವನು ರೂಲ್ಸು ಪಾಲಿಸಿದ. ನನಗೆ ಅಣ್ಣ ಉಳಿದ.