ಎರಡನೇ ಸಾಲಿನವಳು

ಮುಂಬೈಯ ಒಂದು ಕ್ಯಾಂಟೀನಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತವನು ನಾನು. ಅಲ್ಲಿ ಕೂತವನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕೈ ಕಾಣುತ್ತದೆ. ಎರಡು ವಡೆ ತಿಂದು ಒಂದು ಎನ್ನುವವನ ಕೈ, ಬಿಲ್ಲನ್ನು ಮಡಚಿ ಕಿಸೆಗೆ ತುರುಕುವವನ ಕೈ, ಒಬ್ಬರಿಗೊಬ್ಬರು ಸನ್ನೆ ಮಾಡಿಕೊಳ್ಳುವ ಸಪ್ಲಾಯರ್ ಹುಡುಗರ ಕೈ. ಊರಿಗೆ ಬಂದು ನೆಲೆಸಿದರೂ ಈ ಬುದ್ಧಿ ಬಿಡಲಿಲ್ಲ. ನಾಯಿ ಬಾಲ ನಳಿಗೆಯಲ್ಲಿಟ್ಟರೂ ಡೊಂಕೇ ಎಂದು ಹೆಂಡತಿ ಹೇಳುವುದು ನನ್ನನ್ನೇ.

ಊರಿಗೆ ಬಂದದ್ದೂ ಒಂದು ಸಂಶಯದಿಂದಲೇ. ಗುಲ್ವಾಡಿಯ ಹೊಳೆ ಬದಿಯ ನಮ್ಮ ಮನೆಯಿಂದ ಅವಳು ದಿನಾ ಸಂಜೆ ಫೋನಿನಲ್ಲಿ ಸಿಗುತ್ತಿದ್ದಳು. ಕೋಳಿ ಮೊಟ್ಟೆಯಿಟ್ಟದ್ದು, ಪಕ್ಕದ ಮನೆಯವರು ಬೇಲಿ ಸರಿಸಿದ್ದು, ಎಲ್ಲ ವರದಿ ಒಪ್ಪಿಸುತ್ತಿದ್ದಳು. ಕಳೆದ ವರ್ಷದ ಮಳೆಗಾಲ ಮುಗಿದದ್ದೇ ಇದು ನಿಂತುಹೋಯಿತು. "ಸಿಗ್ನಲ್ ಇಲ್ಲೆ, ಇಡ್ತೆ" ಎಂದು ಇಟ್ಟುಬಿಡುತ್ತಿದ್ದಳು. ಸಾಗರಕ್ಕೆ ಮದುವೆ ಮಾಡಿಕೊಟ್ಟ ಮಗಳನ್ನು ಕೇಳಿದರೆ, ಅಮ್ಮ ನಿನ್ನೆ ವಿಡಿಯೋ ಕಾಲಿನಲ್ಲಿ ಬಹಳ ಹೊತ್ತು ನಗಾಡಿಕೊಂಡು ಮಾತಾಡಿದಳು ಎನ್ನುತ್ತಿದ್ದಳು. ನನ್ನದು ಬಟನ್ ಫೋನು. ಗಲ್ಲಾದಲ್ಲಿ ಕೂರುವವನಿಗೆ ದೊಡ್ಡ ಫೋನಿದ್ದರೆ ಕಣ್ಣು ತಪ್ಪುತ್ತದೆಂದು ಧಣಿಗಳು ಬಿಡುತ್ತಿರಲಿಲ್ಲ. ಅದಿರಲಿ, ಮಗಳಿಗೆ ಸಿಗುವ ಸಿಗ್ನಲ್ ಗಂಡನಿಗೆ ಯಾಕೆ ಸಿಗುವುದಿಲ್ಲ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?

ಚೌತಿಗೆ ಮುಂಚೆ ಗಂಟುಮೂಟೆ ಕಟ್ಟಿದೆ. ಧಣಿಗಳು ಬೈಂದೂರು ಕಡೆಯವರು, ಒಳ್ಳೆಯವರು. "ದೀಪಾವಳಿ ತನ್ಕ ನಿನ್ನ ಜಾಗ ಹಾಂಗೇ ಇಡ್ತೆ. ಅದ್ರ ಮೇಲೆ ಬೇರೆ ಜನ ಕಾಂಬುದೇ" ಎಂದು ಕಳಿಸಿಕೊಟ್ಟರು. ನಾನೂ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡೇ ರೈಲು ಹತ್ತಿದೆ. ಅವಳಿಗೆ ನಾನು ಬೇಕಿದ್ದರೆ ಊರಿನಲ್ಲೇ ಉಳಿಯುವುದು. ಬೇಡವಾಗಿದ್ದರೆ ದೀಪಾವಳಿಯೊಳಗೆ ಹೊರಟುಹೋಗುವುದು.

ಬಂದು ನೋಡಿದರೆ ಬೇಡ ಎಂಬುದಕ್ಕೇ ಲಕ್ಷಣಗಳು ಜಾಸ್ತಿ. ಹಿಂದಿನಿಂದ ಕರೆದರೆ ಓಗೊಡುವುದಿಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಕುಂದಾಪುರದವರೆಗೆ ನಾನೊಬ್ಬನೇ ಮಾತಾಡಬೇಕು. ದೀಪ ಆರಿಸಿದ ಮೇಲಂತೂ ಗೋಡೆಗೆ ಹೇಳಿದ ಹಾಗೆ. ಎದುರು ಕೂತು ಮಾತಾಡಿದರೆ ಉತ್ತರ ಕೊಡುತ್ತಾಳೆ, ಆದರೆ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನೋಟ ಮೂಗಿನ ಕೆಳಗೇ ಎಲ್ಲೋ ಇರುತ್ತದೆ. ತಪ್ಪು ಮಾಡಿದ ಸಪ್ಲಾಯರುಗಳೂ ಹೀಗೇ ನಿಲ್ಲುತ್ತಿದ್ದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗುತ್ತಿತ್ತು, ಅದನ್ನು ತೋರಿಸಿಕೊಳ್ಳಲಾರದೆ ಸಿಟ್ಟು ಮಾಡುತ್ತಿದ್ದೆ.

ಇಷ್ಟರ ನಡುವೆ ಅವಳ ಕುಣಿತ ಭಜನೆ. ಈಗ ನಮ್ಮ ಕಡೆ ಊರಿಗೊಂದು ತಂಡವಿದೆ. ಒಂದೇ ಬಣ್ಣದ ಸೀರೆ ಉಟ್ಟು, ಕೈಯಲ್ಲಿ ತಾಳ ಹಿಡಿದು, ಸಾಲು ಸಾಲಾಗಿ ನಿಂತು, ಹಾಡಿಗೆ ಸರಿಯಾಗಿ ಎಲ್ಲರೂ ಒಂದೇ ಹೆಜ್ಜೆ ಹಾಕಿ ಕುಣಿಯುವುದು. ನಮ್ಮ ಕಾಲದಲ್ಲಿ ಭಜನೆಯೆಂದರೆ ಶನಿವಾರ ಕೂತು ಹಾಡಿ ಪನಿವಾರದ ಪ್ರಸಾದ ತಿಂದು ಏಳುವುದು. ಈಗ ಅದಕ್ಕೆ ಕಮ್ಮಟ, ಸ್ಪರ್ಧೆ, ತೀರ್ಪುಗಾರರು! ನನ್ನೊಡನೆ ಬಾಯಿ ಬಿಡದವಳು ಸಂಜೆಯಾದರೆ ತಾಳ ಹಿಡಿದು ಹೊರಡುತ್ತಾಳೆಂದರೆ ಅಲ್ಲೇನೋ ಇದೆ ಅನ್ನಿಸಿತು. ಕುಂಭಾಶಿ ಹತ್ತಿರದ ಒಂದು ಸಭಾಭವನದಲ್ಲಿ ಶನಿವಾರ ಕಮ್ಮಟ, ಭಾನುವಾರ ಸ್ಪರ್ಧೆ ಎಂದು ಗೊತ್ತಾದಾಗ ನಾನೂ ಬರುತ್ತೇನೆ ಎಂದೆ.

"ನೀವ್ ಎಂತಕೆ ಬಪ್ಪುದ್? ಹೆಂಗ್ಸ್ರ್ ಕುಣೂದ್ ಕಾಂಬುಕಾ?" ಎಂದಳು.

"ಕಂಡ್ರೆ ಎಂತ ಆತ್ತ್?" ಎಂದೆ. ಅವಳು ಬೇಡವೆಂದದ್ದರಿಂದ ಹೋಗುವುದು ಖಾತ್ರಿಯಾಯಿತು.

ಶನಿವಾರ ಮೊದಲು ಸಂಶಯ ಬಂದದ್ದು ಹೆಜ್ಜೆ ಕಲಿಸುವ ಮಾಷ್ಟ್ರ ಮೇಲೆ. ಬ್ರಹ್ಮಾವರ ಕಡೆಯ ಮನುಷ್ಯ, ಜರಿ ಅಂಚಿನ ಪಂಚೆ, ಹಣೆಯಲ್ಲಿ ಗಂಧ, ಬೆವರು ಒರೆಸಲು ಹೆಗಲ ಮೇಲೊಂದು ಬೈರಾಸ. ಅರ್ಧ ದಿನ ಅವನನ್ನೇ ನೋಡಿದೆ. ಪಾಪ, ಅವನಿಗೆ ಹೆಜ್ಜೆ ಬಿಟ್ಟು ಬೇರೆ ಯಾವುದರ ಮೇಲೂ ಗಮನವಿರಲಿಲ್ಲ. ಹೆಂಗಸರ ಹೆಸರೂ ಅವನಿಗೆ ಗೊತ್ತಿಲ್ಲ, "ಹಸ್ರ್ ಸೀರೆ, ಕಾಲ್ ಎತ್ತಿ" ಎಂದೇ ಕರೆಯುತ್ತಿದ್ದ. ಆಮೇಲೆ ಸಂಶಯ ಊಟದ ಸಾಂಬಾರಿನ ಮೇಲೆ ಹೋಯಿತು. ಅದರಲ್ಲಿ ಬೇಳೆ ಹುಡುಕಲು ದುರ್ಬೀನು ಬೇಕಿತ್ತು. ಇದು ನನ್ನ ಕಸುಬಿನ ಮಾತು, ಬಿಡಿ.

ಊಟದ ನಂತರ ನಿಜವಾದ ಸಂಗತಿ ಕಣ್ಣಿಗೆ ಬಿತ್ತು. ನನ್ನ ಹೆಂಡತಿ ಯಾವಾಗಲೂ ಎರಡನೇ ಸಾಲಿನಲ್ಲೇ ನಿಲ್ಲುತ್ತಿದ್ದಳು, ಅದೂ ಒಬ್ಬ ಹೆಂಗಸಿನ ಬೆನ್ನ ಹಿಂದೆಯೇ. ಆ ಹೆಂಗಸು ನಮ್ಮ ನೆರೆಮನೆಯವಳು, ಅಂಗನವಾಡಿಯಲ್ಲಿ ಅಡುಗೆ ಮಾಡುವವಳು, ಸುತ್ತಲಿನ ಗಂಡಸರಿಗಿಂತಲೂ ಎತ್ತರ. ನನ್ನವಳು ಗಿಡ್ಡ. ಆ ಬೆನ್ನ ಹಿಂದೆ ನಿಂತರೆ ನನಗೆ ಅವಳ ಸೀರೆ ಸೆರಗು ಕೂಡ ಕಾಣುತ್ತಿರಲಿಲ್ಲ. ಬೇಕೆಂದೇ ಅಡಗಿ ನಿಲ್ಲುತ್ತಿದ್ದಾಳೆ ಅನ್ನಿಸಿತು. ಸಾಲು ತಿರುಗಿದಾಗ ಇಬ್ಬರೂ ಸರ್ರನೆ ಜಾಗ ಬದಲಿಸಿ ಮತ್ತೆ ಹಾಗೇ ನಿಲ್ಲುತ್ತಿದ್ದರು. ಇನ್ನೊಬ್ಬಳು ಗೊತ್ತಿಲ್ಲದೆ ನಡುವೆ ಬಂದರೆ ಉಳಿದವರೇ ಅವಳನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಿದ್ದರು.

ಇಷ್ಟೇ ಆದರೆ ಬಿಡುತ್ತಿದ್ದೆನೇನೋ. ಆದರೆ ಕುರ್ಚಿ ಬದಿಗೆಳೆದು ನೋಡಿದರೆ, ಕುಣಿಯುತ್ತಾ ಕುಣಿಯುತ್ತಾ ಆ ಎತ್ತರದ ಹೆಂಗಸು ಒಂದು ಕೈ ಬೆನ್ನ ಹಿಂದೆ ತಂದು ಬೆರಳು ಅಲ್ಲಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ನನ್ನ ಹೆಂಡತಿಯ ಕಣ್ಣು ಆ ಬೆರಳಿನ ಮೇಲೇ ಇತ್ತು. ಸನ್ನೆ! ಜೀವಮಾನವೆಲ್ಲ ನಾನು ಹಿಡಿದದ್ದು ಇಂಥ ಸನ್ನೆಗಳನ್ನೇ.

ಚಾ ಕುಡಿಯುವ ಹೊತ್ತಿಗೆ ಆ ಹೆಂಗಸಿನ ಹತ್ತಿರ ಹೋಗಿ ಸುಮ್ಮನೆ ತಮಾಷೆಗೆಂಬಂತೆ ಕೇಳಿದೆ: "ನಿಮ್ದ್ ಎಂತ ಗುಟ್ಟ್ ಅಕ್ಕ? ಬೆನ್ನ್ ಹಿಂದೆ ಕೈ ಆಡ್ಸೂದ್ ಕಂಡೆ."

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು. ಅವಳು ಚಾ ಅರ್ಧಕ್ಕೇ ಬಿಟ್ಟು ಲೋಟ ಕೆಳಗಿಟ್ಟಳು. "ಗುಟ್ಟ್ ಎಂತದ್ ಭಾವ, ಬೆನ್ನ್ ತುರ್ಸಿತ್" ಎಂದು ಒಳಗೆ ಹೋದಳು. ಹೋಗಿ ನನ್ನ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಏನೋ ಹೇಳಿದಳು. ಸುತ್ತಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಆ ಸಭಾಭವನದಲ್ಲಿ ಎಲ್ಲರಿಗೂ ಗೊತ್ತಿದ್ದು ನನಗೊಬ್ಬನಿಗೆ ಗೊತ್ತಿಲ್ಲದ ಒಂದು ವಿಷಯವಿದೆ ಎಂಬುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. ಧಣಿಗಳಿಗೆ ಫೋನು ಮಾಡಿ ಬರುತ್ತೇನೆಂದು ಹೇಳಿಬಿಡೋಣ ಅನ್ನಿಸಿತು. ಸ್ಪರ್ಧೆ ಮುಗಿಯಲಿ ಎಂದು ತಡೆದುಕೊಂಡೆ.

ಭಾನುವಾರ ಬೆಳಿಗ್ಗೆ ಬೈಂದೂರು, ಕೊಲ್ಲೂರು, ಸಾಲಿಗ್ರಾಮ ಎಲ್ಲ ಕಡೆಯ ತಂಡಗಳು ಟೆಂಪೋ ಮಾಡಿಕೊಂಡು ಬಂದಿಳಿದವು. ಸೀರೆಗಳ ಬಣ್ಣ ನೋಡಿಯೇ ಕಣ್ಣು ಕತ್ತಲೆ ಬರುತ್ತಿತ್ತು. ನಮ್ಮ ತಂಡವನ್ನು ಕೊನೆಯ ಸಲ ನಿಲ್ಲಿಸಿ ನೋಡಿದ ಮಾಷ್ಟ್ರು ತಲೆ ಕೊಡವಿದರು. "ಗಿಡ್ಡ ಇದ್ದವ್ರ್ ಎದ್ರಿಗೆ ಬರ್ಕ್. ಉದ್ದ ಇದ್ದವ್ರ್ ಹಿಂದೆ. ಇಲ್ದಿದ್ರೆ ತೀರ್ಪುಗಾರ್ರಿಗೆ ಅರ್ಧ ಜನ ಕಾಂತಿಲ್ಲೆ" ಎಂದು ನನ್ನ ಹೆಂಡತಿಯನ್ನು ಕೈ ಮಾಡಿ ಮುಂದಿನ ಸಾಲಿನ ನಡುವೆ ನಿಲ್ಲಿಸಿದರು.

ತಂಡಕ್ಕೆ ತಂಡವೇ ಒಟ್ಟಿಗೆ ಬಾಯಿ ಮಾಡಿತು. "ಬ್ಯಾಡ ಮಾಷ್ಟ್ರೆ, ಅವ್ಳಿಗೆ ಎದ್ರಿಗೆ ನಿಂತ್ರೆ ಹೆದ್ರಿಕೆ" ಎಂದಳು ಎತ್ತರದ ಹೆಂಗಸು.

ಶುದ್ಧ ಸುಳ್ಳು. ನೆರೆ ಬಂದ ಹೊಳೆಯಲ್ಲಿ ದೋಣಿ ಹತ್ತಿ ಹೋಗಿ ಆಚೆ ದಡದಿಂದ ಹಸು ತಂದವಳು ಅವಳು. ನನಗೆ ಒಳಗೊಳಗೇ ಖುಷಿಯಾಯಿತು. ಇವರ ಕಟ್ಟು ಈಗ ಬಿಚ್ಚುತ್ತದೆ. "ಎದ್ರಿಗೇ ನಿಲ್ಸಿ ಮಾಷ್ಟ್ರೆ. ಅವ್ಳಿಗೆ ಎಂತ ಹೆದ್ರಿಕೆಯೂ ಇಲ್ಲೆ" ಎಂದು ಕುರ್ಚಿಯಿಂದಲೇ ಕೂಗಿದೆ. ಎಲ್ಲರೂ ತಿರುಗಿದ್ದು ಕಂಡು ಹೆಂಡತಿಯೂ ನನ್ನತ್ತ ನೋಡಿದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ನಿಂತಳು.

ಹಾಡು ಶುರುವಾಯಿತು. ಹಾರ್ಮೋನಿಯಂ, ಢೋಲಕಿ, ಹಾಡುವವರು ಎಲ್ಲ ವೇದಿಕೆಯ ಹಿಂಬದಿಯಲ್ಲಿ. ಮೊದಲ ಭಾಗ ಅವಳು ಚೆನ್ನಾಗಿಯೇ ಕುಣಿದಳು, ನನಗೆ ಹೆಮ್ಮೆಯೂ ಆಯಿತು. ಆಮೇಲೆ ಢೋಲಕಿಯವನು ಗತಿ ಏರಿಸಿದ. ಎಲ್ಲರ ಹೆಜ್ಜೆ ಚುರುಕಾಯಿತು. ಅವಳದು ಆಗಲಿಲ್ಲ. ಎಲ್ಲರೂ ಎಡಕ್ಕೆ ಬಾಗಿದಾಗ ಅವಳು ಇನ್ನೂ ಬಲಕ್ಕೆ ಕೈ ಎತ್ತಿದ್ದಳು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಅಕ್ಕಪಕ್ಕದವರ ಕಾಲು ನೋಡುತ್ತಾ, ಎದುರು ಕೂತವರ ಕೈ ನೋಡುತ್ತಾ, ಏನನ್ನೋ ಹುಡುಕುತ್ತಿದ್ದಳು. ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಮಗುವಿನ ಮುಖದ ಹಾಗಿತ್ತು ಅವಳ ಮುಖ. ಇಷ್ಟು ವರ್ಷದಲ್ಲಿ ನಾನು ಆ ಮುಖ ಕಂಡಿರಲಿಲ್ಲ.

ಆಗ ಎತ್ತರದ ಹೆಂಗಸು ತನ್ನ ಸಾಲು ಬಿಟ್ಟಳು. ಸಾಲು ಮುರಿದರೆ ಅಂಕ ಹೋಗುತ್ತದೆಂದು ಮಾಷ್ಟ್ರು ಶನಿವಾರವಿಡೀ ಬಾಯಿ ಬಡಿದುಕೊಂಡಿದ್ದರು. ಅವಳು ಕುಣಿಯುತ್ತಲೇ ಸೀದಾ ಮುಂದೆ ಬಂದು ನನ್ನ ಹೆಂಡತಿಯ ಎದುರು, ತೀರ್ಪುಗಾರರಿಗೆ ಅಡ್ಡವಾಗಿ, ಅವಳಿಗೆ ಬೆನ್ನು ಕೊಟ್ಟು ನಿಂತಳು. ಕೈ ಬೆನ್ನ ಹಿಂದೆ ಹೋಯಿತು. ಉಳಿದವರು ಒಬ್ಬರ ಮುಖ ಒಬ್ಬರು ನೋಡದೆ ಸರಿದು ಜಾಗ ಮಾಡಿಕೊಟ್ಟರು. ನನ್ನ ಹೆಂಡತಿಯ ಕಾಲು ಆ ಕಾಲುಗಳನ್ನು ನೋಡಿ ಮತ್ತೆ ಸರಿಹೋಯಿತು. ಮಾಷ್ಟ್ರು ವೇದಿಕೆಯ ಬದಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು.

ನಾನು ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತಿದ್ದೆ. ತಂಡ ಇಳಿದು ಬಂತು. ಎತ್ತರದ ಹೆಂಗಸು ನನ್ನ ಎದುರೇ ಬಂದು ನಿಂತಳು, ಅವಳ ಉಸಿರು ಇನ್ನೂ ಏರಿಳಿಯುತ್ತಿತ್ತು.

"ಅವ್ಳಿಗೆ ಕೆಮಿ ಕೇಂತಿಲ್ಲೆ ಭಾವ. ಕಳ್ದ್ ವರ್ಷ ಮಳ್ಗಾಲ್ದಗೆ ಜ್ವರ ಬಂದಿತ್ತಲ್ದಾ, ಆಗ್ಳಿಂದ. ಒಂದ್ ಪೂರಾ ಹೋಯ್ತ್, ಇನ್ನೊಂದ್ರಗೆ ಚೂರ್ ಕೇಂತ್ ಅಷ್ಟೇ. ಬಾಯಿ ಕಂಡ್ ಮಾತ್ ತಿಳ್ಕಂತ್ಲ್. ನನ್ನ ಕಾಲ್ ಕಂಡ್ ಕುಣೀತ್ಲ್. ಗತಿ ಏರೂದ್ ನಾನ್ ಬೆರಳಗೆ ಹೇಳ್ತೆ." ಅಷ್ಟು ಹೇಳಿ ಒಳಗೆ ಹೋದಳು.

ಗಲ್ಲಾದಲ್ಲಿ ಕೂತು ಯಾರ್ಯಾರದೋ ಕಳ್ಳತನ ಹಿಡಿದವನಿಗೆ ಹೆಂಡತಿಯ ಕಿವಿ ಹೋದದ್ದು ಗೊತ್ತಾಗಲಿಲ್ಲ. ಆದರೂ ಮೊದಲು ಬಂದದ್ದು ಸಿಟ್ಟೇ, ಸುಳ್ಳು ಯಾಕೆ ಹೇಳಲಿ. ತಂಡಕ್ಕೆಲ್ಲ ಗೊತ್ತು, ಮಗಳಿಗೆ ಗೊತ್ತು, ತಾಳಿ ಕಟ್ಟಿದವನಿಗೆ ಗೊತ್ತಿಲ್ಲ.

ಹೆಂಡತಿ ಸಭಾಭವನದ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ನಾನು ಸುತ್ತು ಬಳಸಿ ಅವಳ ಎದುರಿಗೆ ಹೋಗಿ ನಿಂತೆ.

"ಊರಿಗೆಲ್ಲಾ ಹೇಳಿದೆ. ನಂಗೊಬ್ಬಂಗೆ ಹೇಳ್ಲಿಲ್ಲ. ಎಂತಕೆ?"

ಅವಳು ನಲ್ಲಿ ನಿಲ್ಲಿಸಿದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಫೋನಗೆ ಹೇಳಿದ್ರೆ ನೀವ್ ಎಂತ ಮಾಡ್ತಿದ್ರಿ? ಕೆಮಿಗೆ ಹಾಕೂ ಮಿಶನ್ ಒಂದ್ ಕಳ್ಸ್ತಿದ್ರಿ. ಹೇಳ್ಲಿಲ್ಲ, ನೀವೇ ಬಂದ್ರಿ."

"ಬಂದ್ ಮೇಲಾದ್ರೂ ಹೇಳ್ಲಕ್ಕಿತ್ತಲ್ದಾ?"

"ಹೇಳಿದ್ರೆ ಮಿಶನ್ ತಂದ್ ಕೊಟ್ ವಾಪಾಸ್ ಹೋತ್ರಿ ಅಂದೇಳಿ ಹೆದ್ರಿಕೆ ಆಯ್ತ್. ಸಂಶಯ ಇಪ್ಪು ತನ್ಕ ನೀವ್ ಇಲ್ಲೇ ಇರ್ತ್ರಿ ಅಲ್ದಾ?"

ಎದುರಿಗೆ ನಿಂತರೆ ಹೆದರಿಕೆ ಎಂದು ಅವರು ಹೇಳಿದ್ದು ಸುಳ್ಳು, ಆದರೆ ಅವಳಿಗೆ ಹೆದರಿಕೆ ಇತ್ತು, ನನ್ನ ಲೆಕ್ಕಕ್ಕೇ ಬಾರದ ಕಡೆ ಇತ್ತು. ಒಳಗಡೆ ಇನ್ನೊಂದು ತಂಡದ ಹಾಡು ಶುರುವಾಗಿತ್ತು. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು, ಕಾಯುತ್ತಿತ್ತು.

"ನಾನ್ ಹೋತಿಲ್ಲೆ" ಎಂದೆ.

"ಎಂತ?" ಎಂದಳು.

"ಹೋತಿಲ್ಲೆ" ಎಂದು ಬಾಯಿ ಅಗಲಿಸಿ ಗಟ್ಟಿಯಾಗಿ ಹೇಳಿದೆ. ಅಲ್ಲೇ ಒಲೆ ಹೂಡಿದ್ದ ಅಡುಗೆಯವರು ಸೌಟು ನಿಲ್ಲಿಸಿ ನೋಡಿದರು.

"ಗೊತ್ತಾಯ್ಲಿಲ್ಲೆ. ಇನ್ನೊಂದ್ ಸಲ ಹೇಳಿ."

ಇನ್ನೊಂದು ಸಲ ಹೇಳಿದೆ. ಮೊದಲ ಸಲ ಹೇಳಿದಾಗಲೇ ಅವಳಿಗೆ ಅರ್ಥವಾಗಿತ್ತೆಂಬ ಸಂಶಯ ನನಗೆ ಈಗಲೂ ಇದೆ.